ಅಮ್ಮನ ಚೀಲ, ಅಜ್ಜಿಯ ಗಂಟೆ

ಓದಿಗೆ ಬರದ ಬುದ್ಧಿಯೆಲ್ಲ ನನ್ನ ಗಂಟಲಿಗೆ ಬಂದಿದೆ ಎಂದು ಅಪ್ಪ ಹೇಳುವುದುಂಟು. ಮನೆಯಲ್ಲಿ ನಾನು ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ಅಮ್ಮನನ್ನು ತುಮಕೂರಿನ ಡಾಕ್ಟರಿಗೆ ತೋರಿಸಿಕೊಂಡು ಬಂದ ಸಂಜೆ ಅವರ ದನಿಯನ್ನೂ ಹೊತ್ತು ತಂದಿದ್ದೆ.

ಅಮ್ಮನ ದೊಡ್ಡ ಕರುಳಿನ ತುಂಬ ಹುಣ್ಣು. ನೊಣವಿನಕೆರೆಯಲ್ಲಿ ಬಸ್ಸು ಹತ್ತುವ ಮೊದಲು ಅವಳು ಹುಡುಕುತ್ತಿದ್ದದ್ದು ಸೀಟನ್ನಲ್ಲ, ಶೌಚಾಲಯವನ್ನು. ಸ್ಟೀರಾಯ್ಡ್ ಮಾತ್ರೆಗೆ ಮುಖ ಊದಿತೇ ಹೊರತು ರಕ್ತ ಹೋಗುವುದು ನಿಲ್ಲಲಿಲ್ಲ.

ಇಲ್ಲದ ಕನ್ನಡಕವನ್ನು ಮೂಗಿಗೇರಿಸಿಕೊಂಡು, ಡಾಕ್ಟರ ಹಾಗೆಯೇ ಎಳೆದೆಳೆದು ಅಪ್ಪನಿಗೆ ವಿವರಿಸಿದೆ. ಡ್ರಿಪ್ಪಿನಲ್ಲಿ ಕೊಟ್ಟ ಇಂಜೆಕ್ಷನ್ ಹಿಡಿಸಲಿಲ್ಲ. ಬೇರೆಯದೊಂದನ್ನು ಹಾಕಿ ನೋಡಬಹುದು, ಅದೂ ಹಿಡಿಸುತ್ತದೆಂಬ ಖಾತ್ರಿಯಿಲ್ಲ. ಇಲ್ಲವೇ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತಂದು, ಮಲ ತುಂಬಲು ಅದಕ್ಕೊಂದು ಚೀಲ ಅಂಟಿಸುವುದು. ಮುಂದೆ ಇನ್ನೊಂದು ಆಪರೇಷನ್ ಮಾಡಿ ಚೀಲ ತಪ್ಪಿಸಲೂಬಹುದು, ಆದರೆ ಎಲ್ಲರಿಗೂ ಆಗುವುದಿಲ್ಲ. ತೀರ್ಮಾನ ನಿಮ್ಮದು.

ಅಪ್ಪ ನಗಲಿಲ್ಲ. ಅಮ್ಮ ಇಂಜೆಕ್ಷನ್ನೇ ಇರಲಿ ಎಂದಳು. ಸೂಜಿ ಕಂಡರೆ ಕಣ್ಣು ಮುಚ್ಚುವವಳು ಹಾಗೇಕೆ ಅಂದಳೆಂಬುದು ಅಡುಗೆಮನೆಯಲ್ಲಿ ಹೊರಬಿತ್ತು.

"ಹೊಟ್ಟೆ ಮ್ಯಾಲೆ ಅದನ್ನ ಅಂಟಿಸ್ಕೊಂಡು ಲಿಂಗ ಹೆಂಗ್ಲಾ ಮುಟ್ಟೋದು? ನಿಮ್ಮಜ್ಜಿ ದೇವರಮನೆಗೆ ಬುಟ್ಕೊತಾರಾ?" ಅಂದಳು, ಕಾಯಿ ತುರಿಯುವುದನ್ನು ನಿಲ್ಲಿಸಿ.

ಅವಳನ್ನು ನಗಿಸೋಣವೆಂದು ಸೊಂಟ ಬಗ್ಗಿಸಿ ಅಜ್ಜಿಯಾದೆ. "ಆಚೆ ನಿಂತ್ಕಳವ್ವ, ನನ್ ಮಡಿ ಕೆಡ್ತದೆ."

ಅಮ್ಮ ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ಬಾಗಿಲಲ್ಲಿ ನಿಜವಾದ ಅಜ್ಜಿ ನಿಂತಿದ್ದಳು. ನಾನು ಬಗ್ಗಿದ ಸೊಂಟದಲ್ಲೇ ಉಳಿದುಬಿಟ್ಟೆ. ಅವಳು ನನ್ನನ್ನು ಅತ್ತ ಸರಿಸಿ, ಸೊಸೆಯ ಎದುರು ಮಂಡಿ ಹಿಡಿದುಕೊಂಡು ಕುಳಿತಳು.

"ನಾನು ದಿನಾ ಲಿಂಗ ಹಿಡ್ಕೊಂಡು ಕೂತಾಗ ನನ್ ಹೊಟ್ಟೇಲೇನು ಗಂಧ ಇರ್ತದಾ? ಎಲ್ಲಾರ್ದೂ ಒಳಗೈತೆ, ನಿಂದು ಆಚೆ ಇರ್ತದೆ. ಅಷ್ಟೇ ಕಣವ್ವ. ಹೋಗಿ ಮಾಡಿಸ್ಕೊಂಡು ಬಾ."

ಅಮ್ಮ ತುರಿಮಣೆಯ ಮೇಲೆ ಕುಳಿತೇ ಅತ್ತಳು. ಇಷ್ಟು ವರ್ಷ ಅಜ್ಜಿಯನ್ನು ಅಣಕಿಸಿದ ನನ್ನ ಬಾಯಲ್ಲಿ ಅಂಥ ಮಾತು ಒಮ್ಮೆಯೂ ಬಂದಿರಲಿಲ್ಲ.

ಆಪರೇಷನ್ ಆಯಿತು. ಚೀಲ ಬದಲಿಸುವಾಗ ಹತ್ತಿ, ಪೌಡರು ಹಿಡಿದು ನಿಲ್ಲುವುದು ಈಗ ನನ್ನ ಕೆಲಸ. ಹೊರಗಿಟ್ಟ ಕರುಳು ಗುರ್ ಅಂದರೆ ನಾನೂ ಗುರ್ ಅನ್ನುತ್ತೇನೆ, ತಲೆಗೊಂದು ಬೀಳುತ್ತದೆ. ಒಮ್ಮೊಮ್ಮೆ ಅಮ್ಮ ದೇವರಮನೆಯಲ್ಲಿ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದಾಗಲೇ ಆ ಸದ್ದು ಶುರುವಾಗುತ್ತದೆ. ಅವಳು ಮುದುಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿರುವ ಅಜ್ಜಿ ಗಂಟೆ ಎತ್ತಿಕೊಂಡು ಜೋರಾಗಿ ಬಾರಿಸುತ್ತಾಳೆ.