ಒಬ್ಬಳೇ ಹುಡುಗಿ, ಆರು ಸಲ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಗೆರೆಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪುಸ್ತಕದ ಅಂಗಡಿಯ ಮುಂದೆ ನಿಂತರೆ ಸಾಕು, ಅದು ಅಲ್ಲಿಂದ ಬಾಯಿಗೆ ಇಳಿಯುತ್ತಿತ್ತು. "ನೋಡಿ ಇವನ್ನ! ತಲೆ ಕುಂಬಳಕಾಯಿಯಷ್ಟು, ಕಣ್ಣು ಬಟ್ಟಲಷ್ಟು, ಕತ್ತು ಅನ್ನೋದೇ ಇಲ್ಲ. ಹತ್ತು ಪುಸ್ತಕದಲ್ಲೂ ಅದೇ ಮಗು, ಅದೇ ನಗು. ಹೆಸರು ಮಾತ್ರ ಬೇರೆ." ಅಂಗಡಿಯವನು ಪಾಪ, ಅವನೇ ಆ ಮಗುವನ್ನು ಹೆತ್ತವನಂತೆ ತಲೆ ತಗ್ಗಿಸುತ್ತಿದ್ದ.

ಅವಳ ಕೈಗೆ ಬಂದ ವಿದ್ಯೆ ಅಪ್ಪನದು. ಅಪ್ಪ ಮರದ ಪೆಟ್ಟಿಗೆಗಳ ಮುಚ್ಚಳದ ಮೇಲೆ ಚಿತ್ರದಲ್ಲಿ ಕಥೆ ಬರೆಯುತ್ತಿದ್ದವರು. ಮುಚ್ಚಳ ಒಂದೇ, ಕಥೆಯೋ ಉದ್ದ. ಹಾಗಾಗಿ ಒಬ್ಬನೇ ಮನುಷ್ಯ ಒಂದೇ ಚಿತ್ರದಲ್ಲಿ ನಾಲ್ಕೈದು ಸಲ ಬರುತ್ತಿದ್ದ. ಇಲ್ಲಿ ಮನೆ ಬಿಟ್ಟು ಹೊರಟ, ಅಲ್ಲಿ ಹೊಳೆ ದಾಟಿದ, ಮೇಲೆ ಮರದ ಕೆಳಗೆ ನಿದ್ದೆ ಹೋದ, ಆ ಮೂಲೆಯಲ್ಲಿ ವಾಪಸು ಬಂದ. ಮುಖವೆಲ್ಲ ಪಕ್ಕಕ್ಕೆ ತಿರುಗಿದ್ದು, ಗೆರೆ ಕೂದಲೆಳೆಯಂಥದ್ದು, ಬಣ್ಣ ನಾಲ್ಕೇ ನಾಲ್ಕು. "ಬಟ್ಟೆ ಬದಲಾಯಿಸಬೇಡ. ಒಂದೇ ಬಟ್ಟೆ ಅಂದ್ರೆ ಒಬ್ಬನೇ ಮನುಷ್ಯ," ಎಂದು ಅಪ್ಪ ಹೇಳಿಕೊಟ್ಟಿದ್ದರು. ಆ ಮಾತನ್ನು ಹಿಡಿದುಕೊಂಡೇ ಗೆರೆಯಕ್ಕ ಕಿಟಕಿಯ ಪಕ್ಕದ ಮೇಜಿನಲ್ಲಿ, ಔಷಧಿ ಡಬ್ಬಿಗಳ ಮುಚ್ಚಳದಲ್ಲಿ ಬಣ್ಣ ಕಲಸುತ್ತ, ಮೂವತ್ತೆರಡು ವರ್ಷ ಮಕ್ಕಳ ಪುಸ್ತಕಗಳನ್ನು ತುಂಬಿದ್ದಳು.

ಈ ಸಲದ ಕಥೆ ಚಿಕ್ಕದು. ಒಬ್ಬ ಹುಡುಗಿಯ ಕೋಳಿ ಕಳೆದುಹೋಗುತ್ತದೆ. ಅವಳು ಹುಡುಕಿಕೊಂಡು ಹೋಗಿ ತರುತ್ತಾಳೆ. ಗೆರೆಯಕ್ಕ ಎರಡು ಪುಟಕ್ಕೂ ಹರಡಿ ಒಂದೇ ಚಿತ್ರ ಬರೆದಳು. ಕೆಂಪು ಫ್ರಾಕಿನ ಹುಡುಗಿ ಬಾಗಿಲಲ್ಲಿ, ಬೀದಿಯಲ್ಲಿ, ಬಾವಿಯ ಹತ್ತಿರ, ಸೇತುವೆಯ ಮೇಲೆ, ಗೋಡೆ ಹತ್ತುತ್ತ, ಕೊನೆಗೆ ಕತ್ತಲಾಗುವ ಹೊತ್ತಿಗೆ ಕೋಳಿಯನ್ನು ಅಪ್ಪಿಕೊಂಡು. ಒಟ್ಟು ಆರು ಸಲ.

ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದ ಗಂಡ ಕನ್ನಡಕ ಏರಿಸಿ ನೋಡಿದರು. "ನನ್ನ ಬಸ್ಸಲ್ಲಾಗಿದ್ರೆ ಆರು ಟಿಕೆಟ್ ಹರೀತಿದ್ದೆ."

"ನಿಮಗೇನ್ರೀ ಗೊತ್ತು ಚಿತ್ರದ ವಿಷಯ," ಎಂದಳು ಅವಳು. ಆಡಿದ ಮಾತು ಅಲ್ಲಿಗೆ ಮುಗಿಯಿತು.

ಪ್ರಕಾಶನದ ಕಚೇರಿಯಲ್ಲಿ ಮುಗಿಯಲಿಲ್ಲ. ಅಲ್ಲಿಗೆ ಹೊಸದಾಗಿ ಬಂದಿದ್ದ ಸಂಪಾದಕಿ ಒಳ್ಳೆಯ ಹುಡುಗಿ. ಓದಿಕೊಂಡವಳು, ದನಿ ಏರಿಸದವಳು. ಚಿತ್ರವನ್ನು ತುಂಬ ಹೊತ್ತು ನೋಡಿ, "ಅಕ್ಕಾ, ಕೈಚಳಕ ನಿಮ್ಮದೇ. ಆದ್ರೆ ಮಕ್ಕಳು ಆರು ಹುಡುಗಿಯರು ಅಂದ್ಕೊಳ್ತಾರೆ. ಇದನ್ನ ಆರು ಪುಟವಾಗಿ ಕತ್ತರಿಸೋಣ. ಮುಖ ಸ್ವಲ್ಪ ದೊಡ್ಡದು ಮಾಡಿ, ನಮ್ಮ ಕಡೆ ನೋಡೋ ಹಾಗೆ," ಎಂದಳು.

"ಕತ್ತರಿಸೋದಕ್ಕೆ ಅದೇನು ಬದನೆಕಾಯಾ?"

"ಇಲ್ಲಾಂದ್ರೆ ಪುಸ್ತಕಾನ ಕಂಪ್ಯೂಟರಲ್ಲಿ ಬರೆಯೋರಿಗೆ ಕೊಡಬೇಕಾಗುತ್ತೆ ಅಕ್ಕಾ. ಇದೊಂದು ಅಂತಲ್ಲ, ಇನ್ನು ಮುಂದಿನವೂ." ಹೇಳುವಾಗ ಅವಳಿಗೂ ಕಷ್ಟವಾಗುತ್ತಿತ್ತು.

ಗೆರೆಯಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು. "ನೀನೂ ಬೇಡ, ನಾನೂ ಬೇಡ. ಮಕ್ಕಳನ್ನೇ ಕೇಳೋಣ ನಡಿಯಮ್ಮ," ಎಂದಳು. ಮಕ್ಕಳು ಒಬ್ಬಳೇ ಹುಡುಗಿ ಎಂದರೆ ಚಿತ್ರ ಹಾಗೇ ಅಚ್ಚಿಗೆ ಹೋಗುವುದು, ಆರು ಎಂದರೆ ಕತ್ತರಿಗೆ. ಹಾಗೆಂದು ಮಾತಾಯಿತು.

ಕಚೇರಿಯ ಹಿಂದೆಯೇ ಒಂದು ಶಾಲೆ. ಎರಡನೇ ತರಗತಿಯ ಟೀಚರ್ ಚಿತ್ರವನ್ನು ಹಲಗೆಗೆ ಆನಿಸಿಟ್ಟರು. ಗೆರೆಯಕ್ಕ ಸೆರಗು ಸರಿಮಾಡಿಕೊಂಡು ಗೆದ್ದವಳಂತೆಯೇ ನಿಂತಳು. ಸಂಪಾದಕಿ ಕೇಳಿದಳು: "ಇದರಲ್ಲಿ ಎಷ್ಟು ಜನ ಹುಡುಗಿಯರಿದ್ದಾರೆ?"

"ಆರು!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ಗೆರೆಯಕ್ಕನ ಮುಖ ಸಣ್ಣದಾಯಿತು. "ಅಲ್ವೋ ಮಕ್ಕಳೇ, ಸರಿಯಾಗಿ ನೋಡಿ. ಎಲ್ಲರದ್ದೂ ಒಂದೇ ಬಟ್ಟೆ ತಾನೇ?"

"ಹೌದು ಅಜ್ಜಿ," ಎಂದಿತು ಮುಂದಿನ ಬೆಂಚಿನ ಒಂದು ಮಗು, ಇಷ್ಟೂ ತಿಳಿಯದೇ ಎಂಬ ಮರುಕದಿಂದ. "ಎಲ್ಲರೂ ಒಂದೇ ಸ್ಕೂಲು."

ಆಗ ಅವಳು ಕಣ್ಣೆತ್ತಿ ತರಗತಿಯನ್ನು ನೋಡಿದಳು. ನಲವತ್ತು ಮಕ್ಕಳು, ನಲವತ್ತೂ ನೀಲಿ. ಅಪ್ಪನ ಕಾಲಕ್ಕೆ ಒಬ್ಬ ಮನುಷ್ಯನಿಗೆ ಇದ್ದದ್ದೇ ಒಂದು ಬಟ್ಟೆ. ಅದೇ ಅವನ ಗುರುತು. ಈ ಮಕ್ಕಳಿಗೆ ಒಂದೇ ಬಟ್ಟೆ ಎಂದರೆ ಜಾತ್ರೆಯಷ್ಟು ಜನ. ಅಜ್ಜಿ ಅಂದದ್ದಕ್ಕೆ ಬೇರೆ ದಿನವಾಗಿದ್ದರೆ ಸಿಡುಕುತ್ತಿದ್ದಳೋ ಏನೋ, ಅಂದು ಅದು ಕಿವಿಗೇ ಬೀಳಲಿಲ್ಲ.

ಸಂಪಾದಕಿ ಚಿತ್ರವನ್ನು ಸುರುಳಿ ಸುತ್ತುತ್ತಿದ್ದಳು. ಗೆರೆಯಕ್ಕ ಹೊರಡಲಿಲ್ಲ. ಮಕ್ಕಳ ಬೆಂಚಿನ ತುದಿಯಲ್ಲೇ ಕುಳಿತು ಕೇಳಿದಳು: "ಸಂಜೆ ಗೇಟಿನ ಹತ್ರ ನಿಮ್ಮನ್ನ ಕರ್ಕೊಂಡು ಹೋಗೋಕೆ ಬರ್ತಾರಲ್ಲ, ಎಲ್ಲರೂ ನೀಲಿ ಇದ್ರೆ ನೀವೇ ಅಂತ ಹೇಗೆ ಗೊತ್ತಾಗುತ್ತೆ?"

"ನಾನು ಬ್ಯಾಗ್ ಎಳ್ಕೊಂಡು ಬರ್ತೀನಿ."

"ನನ್ನ ಒಂದು ಕಾಲುಚೀಲ ಯಾವಾಗಲೂ ಇಳಿದಿರುತ್ತೆ."

"ನಾನು ಓಡಿದ್ರೆ ನಮ್ಮಣ್ಣಂಗೆ ಅಷ್ಟು ದೂರದಿಂದ್ಲೇ ಗೊತ್ತಾಗುತ್ತೆ," ಎಂದು ಒಬ್ಬಳು ಮೊಣಕೈ ಎರಡನ್ನೂ ಹೊರಗೆ ಚಾಚಿ ಬಾಗಿಲ ತನಕ ಓಡಿ ತೋರಿಸಿದಳು. ತರಗತಿಯೆಲ್ಲ ಎದ್ದಿತು. ಟೀಚರಿಗೆ ಮತ್ತೆ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು.

ಹೊರಗೆ ಬಂದ ಮೇಲೆ ಗೆರೆಯಕ್ಕ ಚಿತ್ರವನ್ನು ಹೊಸದಾಗಿ ಬರೆಯಲು ಮೂರು ವಾರ ಸಮಯ ಕೇಳಿದಳು. "ಮೂರೇ ವಾರ ಅಕ್ಕಾ. ಆಮೇಲೆ ಪಕ್ಕದ ತರಗತಿಗೆ ತೋರಿಸೋಣ. ಅವರೂ ಆರು ಅಂದ್ರೆ ನಾನು ಏನೂ ಮಾಡೋಕಾಗಲ್ಲ," ಎಂದಳು ಸಂಪಾದಕಿ.

ಮನೆಗೆ ಹೋದವಳೇ ಗೆರೆಯಕ್ಕ ಮಂಚದ ಕೆಳಗಿದ್ದ ಹಳೆಯ ಪೆಟ್ಟಿಗೆಯ ಮುಚ್ಚಳವನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಅಪ್ಪನ ಕೆಲಸದಲ್ಲಿ ಅವಳ ಬಳಿ ಉಳಿದಿದ್ದು ಅದೊಂದೇ. ಹಸಿರು ಬಟ್ಟೆಯ ಹೆಂಗಸು, ಕೊಡ ಹೊತ್ತು, ಐದು ಸಲ. ಕಲಿಯುವಾಗ ಆ ಹೆಂಗಸನ್ನು ನೂರಾರು ಬಾರಿ ನಕಲು ಮಾಡಿದ್ದಳು. ಚಿತ್ರದ ಹೆಂಗಸಿನ ಬಲಭುಜ ಒಂದಿಷ್ಟು ಕೆಳಗೆ ಜಗ್ಗಿತ್ತು. ಅಪ್ಪನಿಗೆ ಭುಜ ನೆಟ್ಟಗೆ ಬರೆಯಲು ಬರುವುದಿಲ್ಲ ಎಂದುಕೊಂಡು ಹದಿನಾಲ್ಕರ ವಯಸ್ಸಿನಲ್ಲೇ ಅದನ್ನು ತಿದ್ದಿ, ನೇರ ಮಾಡಿ ಬರೆದಿದ್ದಳು. ಅಪ್ಪ ನೋಡಿ ಏನೂ ಅಂದಿರಲಿಲ್ಲ.

ಈಗ ನೋಡಿದರೆ ಐದು ಸಲವೂ ಅದೇ ಭುಜ, ಅಷ್ಟೇ ಜಗ್ಗಿದ್ದು. ಕೈತಪ್ಪು ಐದು ಸಲ ಒಂದೇ ಅಳತೆಗೆ ಬರುವುದಿಲ್ಲ. ಆ ಭುಜ ಯಾರದೆಂದು ತಿಳಿದಾಗ ಗೆರೆಯಕ್ಕ ನೆಲದ ಮೇಲೇ ಕುಳಿತುಬಿಟ್ಟಳು. ಅಮ್ಮ ಹಾಗೇ ನಡೆಯುತ್ತಿದ್ದಳು, ಕೊಡ ಇಳಿಸಿದ ಮೇಲೂ ಹಾಗೇ. ಅಪ್ಪ ಬಾಯಲ್ಲಿ ಹೇಳಿಕೊಟ್ಟದ್ದು ಬಟ್ಟೆಯ ಪಾಠ; ಕೈಯಲ್ಲಿ ಮಾಡಿದ್ದು ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾನೋ, ಹೆತ್ತ ತಾಯಿಯ ಭುಜವನ್ನೇ ಡೊಂಕು ಅಂದಿದ್ದಳು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಗಂಡ ಬಂದು "ಏನಾಯ್ತೇ?" ಎಂದರೆ, "ಅಮ್ಮ ಸಿಕ್ಕಿದ್ಳು ರೀ," ಎಂದಳು. ಅವರೂ ನೆಲದ ಮೇಲೇ ಪಕ್ಕದಲ್ಲಿ ಕುಳಿತರು.

ಮೂರು ವಾರ ಅವಳು ಸಂಜೆ ಹೊತ್ತು ಶಾಲೆಯ ಗೇಟಿನೆದುರು ನಿಂತಳು. ಮಕ್ಕಳ ಮುಖ ನೋಡಲಿಲ್ಲ. ಹೆಜ್ಜೆ ನೋಡಿದಳು, ಕತ್ತು ತಿರುಗಿಸುವುದನ್ನು ನೋಡಿದಳು. ಕಾವಲುಗಾರ ಎರಡು ಸಲ ಬಂದು ಯಾರಮ್ಮಾ ನೀವು ಎಂದು ವಿಚಾರಿಸಿದ. ಹೊಸ ಚಿತ್ರದಲ್ಲೂ ಬಣ್ಣ ನಾಲ್ಕೇ, ಮುಖ ಪಕ್ಕಕ್ಕೇ, ಹುಡುಗಿ ಆರು ಸಲವೇ. ಆದರೆ ಈ ಸಲ ಅವಳ ಎಡಗಾಲಿನ ಕಾಲುಚೀಲ ಪಾದಕ್ಕಿಳಿದಿತ್ತು, ನಡೆಯುವಾಗ ಒಂದು ಮೊಣಕೈ ಗಾಳಿಯನ್ನು ತಿವಿಯುತ್ತಿತ್ತು, ಗದ್ದ ಯಾವಾಗಲೂ ಮುಂದಿರುತ್ತಿತ್ತು. ಸಂಜೆಯಾಗುತ್ತ ಹೋದಂತೆ ಆ ಮೊಣಕೈ ಮೆಲ್ಲಗೆ ಇಳಿಯುತ್ತಿತ್ತು, ಸುಸ್ತಾದ ಮಗುವಿನದು ಇಳಿಯುವಂತೆ.

ಪಕ್ಕದ ತರಗತಿಯಲ್ಲಿ ಚಿತ್ರ ಆನಿಸಿಟ್ಟಾಗ ಅವಳು ಗೆದ್ದವಳಂತೆ ನಿಲ್ಲಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಳು. ಇಲ್ಲೂ ಆರು ಎಂದರೆ ಮೇಜಿನ ಮೇಲಿನ ಬಣ್ಣದ ಮುಚ್ಚಳಗಳನ್ನೆಲ್ಲ ತೊಳೆದಿಡುವುದೇ ಸರಿ ಎಂದುಕೊಂಡಿದ್ದಳು.

ಮಕ್ಕಳು ಕತ್ತು ಚಾಚಿ ನೋಡಿದರು. ಸಂಪಾದಕಿ ಟಿಪ್ಪಣಿ ಪುಸ್ತಕ ತೆರೆದು, ಪೆನ್ನು ಹಿಡಿದು, "ಇದರಲ್ಲಿ ಎಷ್ಟು ಜನ..." ಎಂದು ಶುರುಮಾಡುವಷ್ಟರಲ್ಲಿ ಮೂರನೇ ಸಾಲಿನ ಒಬ್ಬ ಹುಡುಗ ಎದ್ದು ನಿಂತ. ಅವನ ಕಣ್ಣು ಚಿತ್ರದ ಮೇಲೇ ಇತ್ತು.

"ಬೆಳಿಗ್ಗೆಯಿಂದ ಇವಳೊಬ್ಬಳೇ ಓಡಾಡ್ತಾ ಇದ್ದಾಳಲ್ಲ," ಎಂದ. "ಕತ್ತಲೂ ಆಯ್ತು. ಇವಳಮ್ಮ ಇವಳನ್ನ ಹುಡುಕ್ತಾ ಇಲ್ವಾ?"

ಸಂಪಾದಕಿ ತನ್ನ ಪ್ರಶ್ನೆಯನ್ನು ಮುಗಿಸಲಿಲ್ಲ. ಹಿಂದೆ ತಿರುಗಿ ಗೆರೆಯಕ್ಕನ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದಳು.

ಹುಡುಗ ಇನ್ನೂ ನಿಂತೇ ಇದ್ದ; ಅವನಿಗೆ ಉತ್ತರ ಬೇಕಿತ್ತು. ಗೆರೆಯಕ್ಕ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಅವನ ಹತ್ತಿರ ಬಂದಳು.

"ಹುಡುಕ್ತಾ ಇದ್ದಾಳೆ ಕಂದಾ," ಎಂದಳು. "ನಾನೇ ಅವಳನ್ನ ಬರೆಯೋದು ಮರೆತಿದ್ದೆ."