ಬೀಗರ ಪಂಚೆ, ನಲವತ್ತೆಂಟು ಚೂರು

ನಾನು ಚಿಕ್ಕವನಿದ್ದಾಗ, ಅಂದರೆ ಹೋದ ವರ್ಷ, ನನಗೆ ಹದಿನಾಲ್ಕು ತುಂಬಿದ್ದ ಆ ಪುರಾತನ ಕಾಲದಲ್ಲಿ, ನಮ್ಮ ಮನೆಗೆ ಒಂದು ಮಗು ಬಂತು. ನಗಬೇಡಿ ಮಕ್ಕಳೇ. ಆ ಒಂದು ಮಗುವಿಗಾಗಿ ನಾನು ಒಗೆದ ಬಟ್ಟೆಯನ್ನು ಸಾಲಾಗಿ ಹಾಸಿದರೆ ನಮ್ಮ ಮಂಡ್ಯ ಕಡೆಯ ಕೊಪ್ಪದಿಂದ ಮದ್ದೂರಿನವರೆಗೆ ಬಸ್ಸು ಅದರ ಮೇಲೆಯೇ ಹೋಗಬಹುದು. ನನ್ನ ಅಂಗೈ ನೋಡಿ, ಗೆರೆಗಳೇ ಇಲ್ಲ, ಸೋಪಿನಲ್ಲಿ ಕರಗಿಹೋಗಿವೆ. ಆದ್ದರಿಂದ ಅಜ್ಜಂದಿರ ಹಾಗೆ ಕಂಬಕ್ಕೆ ಒರಗಿ ಕುಳಿತು ‘ನಮ್ಮ ಕಾಲದಲ್ಲಿ’ ಎಂದು ಶುರು ಮಾಡುವ ಹಕ್ಕು ನನಗೆ ಪೂರ್ತಿ ಇದೆ.

ಅಕ್ಕ ಮಳವಳ್ಳಿಯ ಗಂಡನ ಮನೆಯಿಂದ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ನಡುಮನೆಯ ಪಕ್ಕದ ಕೋಣೆ ಅವಳದಾಯಿತು. ಅಲ್ಲಿ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಬಜೆ, ಹರಳೆಣ್ಣೆ ಎಲ್ಲ ಸೇರಿದ ಒಂದು ವಾಸನೆ. ಅದರ ನಡುವೆ ಮಗು. ಗಾತ್ರ ಒಂದು ತೆಂಗಿನಕಾಯಿಯಷ್ಟು. ಆದರೆ ನಾಲ್ಕು ಗುಟುಕು ಹಾಲು ಒಳಗೆ ಹೋದರೆ ನಾಲ್ಕು ಬಿಂದಿಗೆಯಷ್ಟು ಹೊರಗೆ ಬರುತ್ತಿತ್ತು. ಇದು ಹೇಗೆ ಸಾಧ್ಯ ಎಂದು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು.

ಮೊದಲು ಅಕ್ಕ ಮಗುವನ್ನು ಒರೆಸಲು ಪ್ಯಾಕೆಟ್ಟಿನಲ್ಲಿ ಬರುವ ಒದ್ದೆ ಕಾಗದದಂಥ ವೈಪ್ಸ್ ಬಳಸುತ್ತಿದ್ದಳು. ಒಂದು ಎಳೆದರೆ ಇನ್ನೊಂದು ತಲೆ ಹಾಕುತ್ತಿತ್ತು. ಮದುವೆ ಛತ್ರದಲ್ಲಿ ಪನ್ನೀರು ಎರಚಿದಂತೆ ಘಮಘಮ. ಮೂರನೇ ವಾರಕ್ಕೆ ಮಗುವಿನ ಕುಂಡೆ ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗಿತು. ಒರೆಸಲು ಹೋದರೆ ಅದು ಕಿರುಚುವ ಕಿರುಚಾಟ ಚಿಕ್ಕರಸಿನಕೆರೆಗೂ ಕೇಳಿಸಿರಬೇಕು. ಅಕ್ಕನೂ ಜೊತೆಗೆ ಅಳುತ್ತಿದ್ದಳು. ಮಗುವನ್ನು ನೋಡಲು ಬಂದ ನರ್ಸಮ್ಮ, “ಈ ಸೆಂಟಿಂದನ್ನ ಮೊದ್ಲು ನಿಲ್ಸಿ. ಮೆತ್ತಗಿರೋ ಹತ್ತಿ ಬಟ್ಟೇನ ಬೆಚ್ಚನೆ ನೀರಲ್ಲಿ ಅದ್ದಿ ಒರ್ಸಿ. ಸೋಪಾಕಿ ಒಗ್ದು ಬಿಸ್ಲಲ್ಲಿ ಒಣಗ್ಸಿ” ಎಂದರು.

ಒರೆಸುವುದು ಸರಿ, ಒಗೆಯುವವರು ಯಾರು? ಬಾಣಂತಿ ತಣ್ಣೀರು ಮುಟ್ಟುವಂತಿಲ್ಲ. ಅವ್ವನಿಗೆ ಹಸು, ಡೈರಿ, ಅಡುಗೆ. ಅಜ್ಜಿಯ ಬೆರಳು ಮಡಚುವುದಿಲ್ಲ. ಅಪ್ಪ ಥಟ್ಟನೆ ಏನೋ ನೆನಪಾದವರಂತೆ ಎದ್ದು ಕಬ್ಬಿನ ಗದ್ದೆಗೆ ಹೋದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಮ್ಮ ಶಾಲೆಯ ಕಬಡ್ಡಿ ತಂಡದ ಮುಖ್ಯ ರೈಡರ್ ನಾನು! ಆದರೆ ಅದನ್ನು ಆ ಮನೆಯಲ್ಲಿ ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?

“ಲೇ, ಟ್ರಂಕಿನಾಗೆ ಅಳೆ ಪಂಚೆ ಅದೆ. ತಂದು ಕತ್ತರ್ಸು. ಒಸಿ ಮೆತ್ತಗಿರದು ನೋಡ್ಕೊ” ಎಂದಳು ಅಜ್ಜಿ.

ಟ್ರಂಕಿನ ಮುಚ್ಚಳ ತೆರೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಗುದ್ದಿತು. ಒಳಗೆ ಎರಡು ಪಂಚೆ ಇದ್ದವು. ಒಂದು ತಾತನದು, ನೀರುದೋಸೆಯ ಹಾಗೆ ತೂತೇ ಹೆಚ್ಚು. ಇನ್ನೊಂದು ಮಡಿಕೆಯ ಗೆರೆಯಲ್ಲಿ ಹಳದಿಯಾಗಿತ್ತು. ಮುಟ್ಟಿದರೆ ಬೆಣ್ಣೆ. ಎರಡೂ ಬದಿಗೆ ಕೆಂಪು ಅಂಚು, ಅದರ ನಡುವೆ ಒಂದು ಹಸಿರು ಎಳೆ. ಬುದ್ಧಿ ಇರುವ ಯಾರಾದರೂ ಯಾವುದನ್ನು ಆರಿಸುತ್ತಾರೆ, ನೀವೇ ಹೇಳಿ. ನಾನು ಮೂವತ್ತು ಸೆಂಟಿಮೀಟರಿನ ಸ್ಕೇಲು ತಂದೆ, ಪೆನ್ಸಿಲ್ಲಿನಿಂದ ಗೆರೆ ಎಳೆದೆ, ಉದ್ದಕ್ಕೆ ಹನ್ನೆರಡು, ಅಗಲಕ್ಕೆ ನಾಲ್ಕು. ನಲವತ್ತೆಂಟು ಚೂರು. ಒಂದೊಂದೂ ಅಳತೆಗೆ ಸರಿ. ಅವನ್ನು ಒಗೆದು ಅಂಗಳದ ತಂತಿಗೆ ಸಾಲಾಗಿ ಹಾಕಿ, ಸೊಂಟಕ್ಕೆ ಕೈಯಿಟ್ಟು, ಹೊಗಳಿಕೆಗಾಗಿ ಕಾಯುತ್ತ ನಿಂತೆ.

ಕೊಟ್ಟಿಗೆಯಿಂದ ಬಂದ ಅಜ್ಜಿ ತಂತಿಯನ್ನು ನೋಡಿದಳು. ಹತ್ತಿರ ಬಂದು ಒಂದು ಚೂರಿನ ಅಂಚನ್ನು ಬೆರಳಲ್ಲಿ ಉಜ್ಜಿದಳು. ಆಮೇಲೆ ಎದೆ ಎದೆ ಬಡಿದುಕೊಂಡಳು.

“ಅಯ್ಯೋ ನಿನ್ ಮನೆ ಕಾಯೋಗ! ಬೀಗರ್ ಪಂಚೆ ಕಣ್ಲಾ ಇದು!”

ಮಕ್ಕಳೇ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕನ ಮದುವೆಯಲ್ಲಿ ಅವಳ ಮಾವ, ಅಂದರೆ ನಮ್ಮ ಬೀಗರು, ಅಪ್ಪನಿಗೆ ಉಡುಗೊರೆಯಾಗಿ ಕೊಟ್ಟ ಪಂಚೆ ಅದು. ಅವರೇ ಕೈಯಾರೆ ಆರಿಸಿದ್ದು. ಅಪ್ಪನೂ ಅವರಿಗೆ ಒಂದು ಕೊಟ್ಟಿದ್ದರು. ಅಪ್ಪ ಬೀಗರೂಟದ ದಿನ ಅದನ್ನು ಉಟ್ಟು, ಒಗೆಸಿ, ಎತ್ತಿಟ್ಟಿದ್ದರು. ಬೀಗರು ಮನೆಗೆ ಬಂದಾಗ ಅವರು ಕೊಟ್ಟದ್ದನ್ನೇ ಉಟ್ಟು ಎದುರುಗೊಳ್ಳಬೇಕು, ಅದು ನಮ್ಮ ಕಡೆಯ ಮರ್ಯಾದೆ. ಆ ಬೀಗರು, ಬೀಗಿತ್ತಿ ಇಬ್ಬರೂ ಮುಂದಿನ ಭಾನುವಾರದ ಮುಂದಿನ ಭಾನುವಾರ ಮೊಮ್ಮಗಳನ್ನು ನೋಡಲು ಬರುವವರಿದ್ದರು.

ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡಿದಳು. ಬಯ್ಯಲಿಲ್ಲ. “ಅವ್ರು ಕೊಟ್ಟಿದ್ರಲ್ಲಿ ಮೊಗೀನ್ ಕುಂಡೆ ಒರೆಸ್ತಾವ್ರೆ ಅಂತ ಗೊತ್ತಾದ್ರೆ ನಮ್ಮತ್ತೆ ಸಾಯೋಗಂಟ ಆಡ್ಕೊತಾರೆ ಕಣೋ. ಆ ಮನೇಲಿ ಬಾಳ್ಬೇಕಾದೋಳು ನಾನು” ಎಂದಳು, ಸಣ್ಣ ದನಿಯಲ್ಲಿ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ.

ಅಪ್ಪ ಒಂದು ಚೂರನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ನೋಡಿದರು. ಗುಬ್ಬಚ್ಚಿ ಕೂತಷ್ಟು ಜಾಗ ಮುಚ್ಚಿತು. ಅಂಥದೇ ಅಂಚಿನ ಪಂಚೆ ಹುಡುಕಿಕೊಂಡು ಮರುದಿನ ಮಂಡ್ಯಕ್ಕೂ ಹೋಗಿ ಬಂದರು. ಸಿಗಲಿಲ್ಲ. ಎಲ್ಲ ಸರಿ, ಆದರೆ ಇಷ್ಟು ಜನರಲ್ಲಿ ಒಬ್ಬರಾದರೂ ‘ಎಷ್ಟು ನೇರವಾಗಿ ಕತ್ತರಿಸಿದ್ದೀಯಪ್ಪ’ ಎಂದರೇ?

ಹೋಗಲಿ, ಕೆಲಸ ಮಾಡಿದೆ. ಬೆಳಿಗ್ಗೆ ಬಚ್ಚಲ ಒಲೆಗೆ ತೆಂಗಿನ ಗರಿ ತುರುಕಿ ನೀರು ಕಾಯಿಸುತ್ತಿದ್ದೆ. ಕೊಳೆಯಾದವನ್ನು ಮೂಗು ಹಿಡಿದು ಕೊಡವಿ, ಒಮ್ಮೆ ಜಾಲಿಸಿ, ಬಿಸಿನೀರಲ್ಲಿ ನೆನೆಹಾಕಿ, ಸೋಪು ಹಚ್ಚಿ ಉಜ್ಜಿ, ಬಿಸಿಲಿಗೆ ಹಾಕುತ್ತಿದ್ದೆ. ಒಣಗಿದ ಬಟ್ಟೆಗೆ ಬಿಸಿಲಿನದೇ ಒಂದು ಪರಿಮಳ ಇರುತ್ತದೆ, ಗೊತ್ತೇ? ಹಪ್ಪಳ ಸುಟ್ಟಂಥದ್ದು. ಮಡಚಿದ ಚೂರುಗಳನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ ಚಪಾತಿಯ ಹಾಟ್‌ಬಾಕ್ಸಿನಲ್ಲಿ ಇಟ್ಟು ಅಕ್ಕನ ಮಂಚದ ಪಕ್ಕ ಇಡುತ್ತಿದ್ದೆ. ಅದು ನನ್ನದೇ ಐಡಿಯಾ, ಬರೆದಿಟ್ಟುಕೊಳ್ಳಿ. ಎಂಟು ದಿನದಲ್ಲಿ ಟೊಮೆಟೊ ಹೋಗಿ ಗುಲಾಬಿ ಬಂತು. ಮಗು ಒರೆಸಿಕೊಳ್ಳುವಾಗ ಕಾಲು ಆಡಿಸುತ್ತ ‘ಊಂ’ ಎನ್ನತೊಡಗಿತು. ಆಗ ಅಜ್ಜಿ ಏನೆಂದಳು ಗೊತ್ತೇ? “ಮೊಗೀನ್ ಗ್ರಾಚಾರ ಬುಡ್ತು ಕಣವ್ವ.” ಗ್ರಾಚಾರ ಬಿಡಿಸಿದವನು ಬಾವಿಕಟ್ಟೆಯಲ್ಲಿ ಸೊಂಟ ಹಿಡಿದುಕೊಂಡು ಕೂತಿದ್ದ, ಅವನ ಹೆಸರೇ ಇಲ್ಲ!

ಭಾನುವಾರ ಬಂತು. ಅಜ್ಜಿಯ ಉಪಾಯ ಹೀಗಿತ್ತು: ಅಂಚಿರುವ ಇಪ್ಪತ್ತನಾಲ್ಕು ಚೂರುಗಳನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಡುವುದು, ನಡುವಿನ ಬರೀ ಬಿಳಿ ಚೂರುಗಳನ್ನು ಮಾತ್ರ ಬಳಸುವುದು. ಬಿಳಿ ಬಟ್ಟೆಗೆ ಯಾರ ಹೆಸರೂ ಬರೆದಿರುವುದಿಲ್ಲವಲ್ಲ. ಆದರೆ ಶನಿವಾರದಿಂದ ಮೋಡ. ಬಿಳಿ ಚೂರು ಒಂದೂ ಒಣಗಿರಲಿಲ್ಲ, ಮುಗ್ಗಲು ವಾಸನೆ ಹೊಡೆಯುತ್ತಿದ್ದವು. ಅಂಥದನ್ನು ಮಗುವಿಗೆ ತಾಗಿಸಲು ನನಗೆ ಮನಸ್ಸು ಬರಲಿಲ್ಲ. ಅಂಚಿನ ಚೂರುಗಳನ್ನೇ ತಂದು, ಅಂಚು ಒಳಗೆ ಹೋಗುವಂತೆ ಜಾಣತನದಿಂದ ಮಡಚಿ, ಹಾಟ್‌ಬಾಕ್ಸ್ ತುಂಬಿಸಿದೆ. ಯಾರಿಗೂ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಬೀಗರ ಕಾರು ಬಂತು. ಬೀಗಿತ್ತಿ ಇಳಿದವರೇ ಒಂದು ದೊಡ್ಡ ರಟ್ಟಿನ ಡಬ್ಬವನ್ನು ಜಗಲಿಯ ಮೇಲೆ ದೊಪ್ಪೆಂದು ಇಟ್ಟರು. ಡಬ್ಬದ ತುಂಬ ವೈಪ್ಸ್.

“ಫೋನ್ನಾಗೆ ಮೊಗೀನ್ ತೋರ್ಸ್ದಾಗ ನೋಡ್ದೆ ಕಣ್ರವ್ವ, ಅಂಗಳದ ತುಂಬ ಚಿಂದಿ ಒಣಾಕಿದ್ರಿ. ನಮ್ ಮೊಮ್ಮಗೀಗೆ ಚಿಂದೀಲಿ ಒರೆಸ್ತೀರಾ? ಒಂದ್ ಮಾತು ಏಳಿದ್ರೆ ನಾವೇ ತಂದ್ಕೊಡ್ತಿರ್ನಿಲ್ವಾ?”

ಚಿಂದಿ! ಸ್ಕೇಲಿಟ್ಟು ಅಳೆದ ಬಟ್ಟೆಯನ್ನು ಚಿಂದಿ ಎಂದರು! ನನ್ನ ಕಿವಿಯಿಂದ ಹೊಗೆ ಬಂತು. ಅವ್ವ ನನ್ನ ಕಾಲು ತುಳಿದು, “ಕಾಫಿ ಕುಡೀರಿ ಬೀಗ್ರೇ” ಎಂದಳು.

ಬೀಗರು ಒಳ್ಳೆಯ ಮನುಷ್ಯ, ದೊಡ್ಡ ಮೀಸೆ. ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, “ಯಾಕ್ ಬೀಗ್ರೇ, ನಾವ್ ಕೊಟ್ಟ ಪಂಚೆ ಉಡ್ನಿಲ್ವಾ?” ಎಂದರು.

ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. “ದಿನಾ ಬಳಸ್ತಾನೇ ಇದ್ದೀವಿ ಬೀಗ್ರೇ, ಬುಡುವೇ ಇಲ್ಲ. ಈಗ ಒಗೆಯಕ್ಕೆ ಬಿದ್ದದೆ” ಎಂದರು. ಒಂದಕ್ಷರವೂ ಸುಳ್ಳಲ್ಲ. ಬೀಗರ ಮೀಸೆ ಹೆಮ್ಮೆಯಿಂದ ಇನ್ನೆರಡು ಇಂಚು ಅಗಲವಾಯಿತು.

ಬೀಗರು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಮಗು ಅವರ ಮೀಸೆಯನ್ನೇ ದಿಟ್ಟಿಸಿತು, ಮುಖ ಕೆಂಪಗೆ ಮಾಡಿತು, ಆಮೇಲೆ ಕೆಆರ್‌ಎಸ್ ಅಣೆಕಟ್ಟಿನ ಗೇಟು ತೆಗೆದಂತೆ ಎಲ್ಲವನ್ನೂ ಬಿಟ್ಟಿತು. ಬೀಗರ ಹೊಸ ಪ್ಯಾಂಟು, ಸೋಫಾ, ಅರ್ಧ ನೆಲ, ಎಲ್ಲ ಅರಿಶಿನ ಬಣ್ಣ.

ಬೀಗಿತ್ತಿ ಥಟ್ಟನೆ ಡಬ್ಬ ಹರಿದು ಒಂದು ವೈಪ್ ಎಳೆದು ಮಗುವಿಗೆ ಒರೆಸಿದರು. ತಣ್ಣಗಿನ ಆ ಒದ್ದೆ ತಾಗಿದ್ದೇ ತಡ, ಮಗು ಬೆಚ್ಚಿಬಿದ್ದು ಮನೆ ಹಾರಿಹೋಗುವಂತೆ ಕಿರುಚಿತು. “ಬ್ಯಾಡಿ ಅತ್ತೆ, ಮತ್ತೆ ಕೆಂಪಗಾಯ್ತದೆ” ಎಂದು ಅಕ್ಕ ಹಾಟ್‌ಬಾಕ್ಸ್ ತಂದು ತೆರೆದಳು. ಬೆಚ್ಚನೆಯ ಹಬೆ ಎದ್ದಿತು. ಬೀಗಿತ್ತಿ ಒಂದು ಚೂರು ತೆಗೆದು ಒರೆಸಿದರು. ಮಗು ‘ಊಂ’ ಎಂದಿತು. ಕಾಲು ಆಡಿಸಿತು.

“ಅಯ್ಯ, ಏಟು ಮೆತ್ತಗದೆ! ಇದ್ಯಾವ್ ಬಟ್ಟೆ ಕಣವ್ವ?” ಎಂದರು ಬೀಗಿತ್ತಿ.

ಅಷ್ಟರಲ್ಲಿ ಬೀಗರು ತಮ್ಮ ಪ್ಯಾಂಟು ಒರೆಸಿಕೊಳ್ಳಲು ಇನ್ನೊಂದು ಚೂರು ಎತ್ತಿಕೊಂಡು ಬಿಡಿಸಿದರು. ಕೆಂಪು ಅಂಚು. ನಡುವೆ ಒಂದು ಹಸಿರು ಎಳೆ. ಅವರ ಕೈ ಗಾಳಿಯಲ್ಲೇ ನಿಂತಿತು. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಇದು...” ಎಂದರು ಬೀಗರು.

ಅಕ್ಕನ ಆ ಮುಖ ನನಗೆ ನೋಡಲಾಗಲಿಲ್ಲ. “ನಾನೇ ಕತ್ತರ್ಸಿದ್ದು!” ಎಂದು ಕೂಗಿಬಿಟ್ಟೆ. “ಅಕ್ಕಂಗೇನೂ ಗೊತ್ತಿರ್ನಿಲ್ಲ. ಬೈಯ್ಯಂಗಿದ್ರೆ ನನ್ನ ಬೈರಿ. ಆದ್ರೆ ಚಿಂದಿ ಅನ್ಬ್ಯಾಡಿ! ದಿನಾ ನಾನು ಒಗ್ದು ಒಗ್ದು ಸೊಂಟ ಬಿದ್ದೋಗದೆ. ಮೊಗೀನ್ ಕುಂಡೆ ನೋಡಿ, ಒಂದ್ ಗುಳ್ಳೆ ಇದ್ರೆ ಏಳಿ!” ಎಲ್ಲರೂ ನಿಜವಾಗಿಯೂ ಅದರ ಕುಂಡೆಯನ್ನು ನೋಡಿದರು.

ಬೀಗಿತ್ತಿ ಎದ್ದು ನಿಂತರು. “ಉಡುಗೊರೆಗೆ ಇದಾ ಮರ್ಯಾದೆ? ನೀವ್ ಕೊಟ್ಟ ಪಂಚೇನ ನಾವು ದೇವ್ರ ಮನೇಲಿ ಮಡಗಿದ್ದೀವಿ!”

ಬೀಗರು ಕೆಮ್ಮಿದರು. “ದೇವ್ರ ಮನೇಲೆಲ್ಲಿ ಅದೆ? ಟ್ರ್ಯಾಕ್ಟರ್ ಸೀಟಿನ್ ಕೆಳಗಲ್ವಾ ಇರದು? ನಿನ್ ಮಗ ದಿನಾ ಆಯಿಲ್ ಒರೆಸ್ತಾ ಇಲ್ವಾ?”

“ಆಯಿಲ್ಲಾ?” ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ಮಂಡ್ಯದಾಗೆ ಮೂರು ಅಂಗ್ಡಿ ತಿರ್ಗಿ ತಂದಿದ್ದೆ ಬೀಗ್ರೇ ಅದನ್ನ!” ನನಗಂತೂ ಮೈಯೆಲ್ಲ ಉರಿಯಿತು. ನಮ್ಮ ಪಂಚೆಗೆ ಆಯಿಲ್, ನನಗೆ ಮಾತ್ರ ಬೈಗುಳ!

ಅಜ್ಜಿ ಗೋಡೆಗೆ ಒರಗಿ ಎಲೆಯಡಿಕೆ ಜಗಿಯುತ್ತ ನಿಧಾನವಾಗಿ ಕೇಳಿದಳು: “ನಿಮ್ ಪಂಚೆ ನಿಮ್ ಮೊಮ್ಮಗೀಗೇ ಆಯ್ತು ಕಣವ್ವ. ಟ್ರ್ಯಾಕ್ಟರ್ ನಮ್ಗೇನಾಗ್ಬೇಕು, ಮೊಮ್ಮಗನಾ?”

ಮೊದಲು ನಕ್ಕವಳು ಅಕ್ಕ. ಹೆರಿಗೆಯ ಆಪರೇಷನ್ನಿನ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕಳು. ಆಮೇಲೆ ಬೀಗರ ಮೀಸೆ ಅಲುಗಿತು. ಅಪ್ಪನೂ ಕೂತರು. ಬೀಗಿತ್ತಿ ಮಾತ್ರ ನಗಲಿಲ್ಲ. ಆದರೆ ಇನ್ನೊಂದು ಬೆಚ್ಚನೆಯ ಚೂರು ತೆಗೆದುಕೊಂಡು ಮಗುವಿನ ತೊಡೆಸಂದನ್ನು ನಿಧಾನವಾಗಿ ಒರೆಸಿ ಮುಗಿಸಿದರು. ರಟ್ಟಿನ ಡಬ್ಬ ಸಂಜೆ ಅವರ ಜೊತೆಗೇ ಕಾರು ಹತ್ತಿತು.

ಮರುವಾರ ಭಾವ ಒಂದು ಚೀಲ ತಂದರು. ಅದರಲ್ಲಿ ಬೀಗಿತ್ತಿ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ, ಚೌಕ ಚೌಕವಾಗಿ, ಪ್ರತಿ ಚೂರಿನ ಅಂಚನ್ನೂ ಮಡಚಿ ಮಿಷಿನ್ನಿನಲ್ಲಿ ಹೊಲಿದದ್ದು. ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ನೋಡ್ಕೊಳ್ಲಾ, ಕೆಲ್ಸ ಅಂದ್ರೆ ಇದು” ಎಂದಳು. ಇಂಥ ಅನ್ಯಾಯವನ್ನು ಯಾವ ಕೋರ್ಟಿಗೆ ಒಯ್ಯಲಿ?

ಅದು ನಮ್ಮ ಕಾಲ, ಮಕ್ಕಳೇ. ನಿಮ್ಮ ಕಾಲ ನೋಡಿ. ಎಳೆಯುತ್ತೀರಿ, ಒರೆಸುತ್ತೀರಿ, ಎಸೆಯುತ್ತೀರಿ. ಮೊನ್ನೆ ನಮ್ಮ ಗದ್ದೆಗೆ ನೀರು ಬರಲಿಲ್ಲವೆಂದು ಅಪ್ಪ ನಾಲೆಯ ತೂಬಿಗೆ ಕೈ ಹಾಕಿದರೆ ಬಿಳಿ ಬಿಳಿ ಗಂಟು ಬಂತು. ಯಾವುದೋ ಊರಿನ ಯಾವುದೋ ಮಗುವಿನ ವೈಪ್ಸ್, ಕರಗದೆ ಕೊಳೆಯದೆ ಹೆಣೆದುಕೊಂಡಿದ್ದವು. ಆ ಮಗು ಬೆಳೆದು ಅಜ್ಜನಾಗಿ ಮೊಮ್ಮಕ್ಕಳಿಗೆ ಕಥೆ ಹೇಳುವಾಗಲೂ ಅವು ಎಲ್ಲೋ ಒಂದು ತೂಬಿನಲ್ಲಿ ಕೂತೇ ಇರುತ್ತವೆ. ನಾನು ಒಗೆದ ಬಟ್ಟೆಯಾದರೋ ಸವೆದು ಸವೆದು ನೂಲಾಗಿ, ತಿಪ್ಪೆ ಸೇರಿ, ಈಗ ಮಣ್ಣಾಗಿರಬೇಕು.

ಇನ್ನು ಮಳವಳ್ಳಿಯ ಆ ಮಗುವಿಗೆ ಒಂದು ಮಾತು. ನೀನೀಗ ಗೋಡೆ ಹಿಡಿದು ನಡೆಯುತ್ತೀಯಂತೆ, ವಿಡಿಯೋ ಕಾಲ್‌ನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತೀಯ. ತಿರುಗಿಸು ತಾಯಿ, ತಿರುಗಿಸು. ನಿನ್ನ ಮದುವೆಯ ದಿನ ಛತ್ರದಲ್ಲಿ ಮೈಕು ನನ್ನ ಕೈಗೆ ಬರುತ್ತದೆ. ಅವತ್ತು ಈ ಬರಹವನ್ನು ಮೊದಲಿಂದ ಕೊನೆಯವರೆಗೆ, ನಿನ್ನ ಬೀಗರ ಎದುರಿಗೇ ಓದುತ್ತೇನೆ.