ಅಂಬವ್ವ ಹೇಳಿದ ಎತ್ತಿನ ಗಾದೆ

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಮೂರನೆಯ ಮಹಡಿಯಲ್ಲಿ ಹಣೆಗಿಡುವ ಟಿಕಳಿ ಅಂಟಿಸುವ ಕೆಲಸ ನಡೆಯುತ್ತದೆ. ಉದ್ದನೆಯ ಮೇಜಿನ ಎರಡೂ ಬದಿಗೆ ಕುಳಿತ ಹನ್ನೆರಡು ಹೆಂಗಸರು ಮಖಮಲ್ಲಿನ ಟಿಕಳಿಗಳನ್ನು ಚಿಮಟದಿಂದ ಎತ್ತಿ, ಹೊಳಪಿನ ಚೀಟಿಯ ಮೇಲೆ ಸಾಲಾಗಿ ಕೂರಿಸುತ್ತಾರೆ. ಕಣ್ಣಿಗೂ ಕೈಗೂ ಬಿಡುವಿಲ್ಲದ ಈ ಕೆಲಸದಲ್ಲಿ ಖಾಲಿ ಇರುವುದು ಬಾಯಿಯೊಂದೇ. ಆ ಬಾಯಿಗೆ ಕೆಲಸ ಹಚ್ಚಿಕೊಟ್ಟವಳು ಅಂಬವ್ವ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆಯವಳು. ಸೆಂಟರಿಂಗ್ ಕೆಲಸದ ಸಂಗಪ್ಪನ ಕೈಹಿಡಿದು ಈ ಊರಿಗೆ ಬಂದು ಮೂವತ್ತಾರು ವರ್ಷವಾಯಿತು. ಮೊದಲ ಕೆಲವು ವರ್ಷ ಅವಳಿಗೆ ಹಿಂದಿಯಲ್ಲಿ ತರಕಾರಿಯ ಹೆಸರು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮಾತು ಕಲಿತದ್ದು ಈ ಮೇಜಿನಲ್ಲಿ, ಅದೂ ಗಾದೆಗಳಿಂದ. ನಾಲ್ಕು ಗಂಟೆಯ ಚಹಾ ಬಂದ ಮೇಲೆ ಒಬ್ಬಳು ತನ್ನ ಸೀಮೆಯ ಗಾದೆಯೊಂದನ್ನು ಮುರುಕು ಹಿಂದಿಯಲ್ಲಿ ಹೇಳಬೇಕು. ಉಳಿದವರು ಒಬ್ಬೊಬ್ಬರಾಗಿ ಅರ್ಥ ಹೇಳಬೇಕು. ಎಲ್ಲರದೂ ಮುಗಿಯುವ ತನಕ ಗಾದೆ ಹೇಳಿದವಳು ತುಟಿ ಬಿಚ್ಚುವಂತಿಲ್ಲ. ಈ ಕಟ್ಟಳೆ ಹಾಕಿದವಳು ಅಂಬವ್ವ. ಕೊಂಕಣದ ಶೀತಲಳ ಗಾದೆಗಳಲ್ಲಿ ಹಲಸು ಮತ್ತು ಸಮುದ್ರ ತಪ್ಪದೆ ಬರುತ್ತಿದ್ದವು. ಆಜಮ್‌ಗಢದವಳ ಗಾದೆಗಳಲ್ಲಿ ಅತ್ತೆಯರ ಕಾಟ. ತಿರುನೆಲ್ವೇಲಿಯವಳ ಆನೆಯ ಗಾದೆಗೆ ಹನ್ನೊಂದು ಜನ ಹನ್ನೊಂದು ಅರ್ಥ ಹೇಳಿದ್ದರು, ಒಂದೂ ಸರಿಯಿರಲಿಲ್ಲ. ಅಂಬವ್ವನಿಗೆ ಅಕ್ಷರ ಬಾರದು. ಪ್ರತಿಯೊಂದು ಗಾದೆಯನ್ನೂ ಹೇಳಿದವಳ ಮುಖದ ಜೊತೆಗೇ ನೆನಪಿಟ್ಟುಕೊಂಡಿದ್ದಾಳೆ. ಕೆಲಸ ಬಿಟ್ಟು ಹೋದವರೂ ಹಾಗಾಗಿ ಅವಳ ಲೆಕ್ಕದಲ್ಲಿ ಹೋದವರಲ್ಲ.

ಒಂಬತ್ತು ವರ್ಷ ಅವಳ ಪಕ್ಕದಲ್ಲಿ ಕುಳಿತವಳು ಜ್ಯೋತ್ಸ್ನಾಬೆನ್. ಇದೇ ಊರಿನ ಭುಲೇಶ್ವರದ ಚಾಳಿನಲ್ಲಿ ಹುಟ್ಟಿ ಬೆಳೆದ ಗುಜರಾತಿ ಹೆಂಗಸು. ಸಾಸಿವೆಯಷ್ಟು ಚಿಕ್ಕ ಟಿಕಳಿಗಳು ಅಂಬವ್ವನ ಕಣ್ಣಿಗೆ ನಿಲುಕುತ್ತಿರಲಿಲ್ಲ. ಅವನ್ನು ಜ್ಯೋತ್ಸ್ನಾ ಸದ್ದಿಲ್ಲದೆ ತನ್ನತ್ತ ಎಳೆದುಕೊಂಡು, ದೊಡ್ಡವನ್ನು ಇತ್ತ ಸರಿಸುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಜ್ಯೋತ್ಸ್ನಾಳ ಗಂಡನಿಗೆ ಲಕ್ವಾ ಹೊಡೆಯಿತು. ಒಂದು ತಿಂಗಳು ರಜೆ ಹಾಕಿ ಅವಳು ಅವನನ್ನು ಎತ್ತಿ ಕೂರಿಸುವುದು, ಉಣಿಸುವುದು, ನಡೆಸುವುದು ಎಲ್ಲವನ್ನೂ ಒಬ್ಬಳೇ ಮಾಡಿ ಕೆಲಸಕ್ಕೆ ಮರಳಿದಳು. ಆ ದಿನ ಗಾದೆಯ ಸರದಿ ಅಂಬವ್ವನದು. ಬಹಳ ವಿಚಾರ ಮಾಡಿ, ಜೋಡಿ ಎತ್ತು ಕುಸಿದರೂ ನೊಗ ಬಿಡದ ಎತ್ತನ್ನು ಕುರಿತ ತನ್ನೂರಿನ ಗಾದೆಯನ್ನು ಅವಳು ಜ್ಯೋತ್ಸ್ನಾಳ ಕಡೆಗೆ ತಿರುಗಿ ಹೇಳಿದಳು.

ಮೇಜಿನ ಆಚೆಯಿಂದ ಶೀತಲ ಕಿಸಕ್ಕೆಂದಳು. "ಮಾವ್ಶಿ, ಗಂಡನೂ ಬೈಲ್, ಹೆಂಡತಿಯೂ ಬೈಲ್? ಏನು ಜೋಡಿ ಮಾಡಿದ್ರಿ."

ಹಿಂದಿಯಲ್ಲಿ ಬೈಲ್ ಎಂದರೆ ಎತ್ತು. ಈ ಊರಿನಲ್ಲಿ ಯಾರನ್ನಾದರೂ ಹಾಗೆಂದರೆ ದಡ್ಡನೆಂದು ಬೈದಂತೆ. ನಗು ಮೇಜಿನ ಸುತ್ತ ಹರಿಯಿತು. ಒಬ್ಬಳು ಗಾಣ ಎಂದಳು, ಇನ್ನೊಬ್ಬಳು ಮೂಗುದಾರ ಎಂದಳು. ಅಂಬವ್ವ ಮಾತ್ರ ತಾನೇ ಹಾಕಿದ ಕಟ್ಟಳೆಯಂತೆ ತುಟಿ ಬಿಗಿದು, ಎಲ್ಲರ ಅರ್ಥ ಮುಗಿಯಲೆಂದು ಮುಗುಳ್ನಗುತ್ತ ಕಾದಳು. ಆ ಮುಗುಳ್ನಗೆಯೇ ಮುಳುವಾಯಿತು. ಕೊನೆಯವಳ ಸರದಿ ಬರುವಷ್ಟರಲ್ಲಿ ಜ್ಯೋತ್ಸ್ನಾ ತನ್ನ ಸ್ಟೂಲನ್ನು ಎತ್ತಿಕೊಂಡು ಹೋಗಿ ಕಿಟಕಿಯ ಬಳಿ ಕುಳಿತಿದ್ದಳು.

ಮರುದಿನದಿಂದ ಸಾಸಿವೆ ಟಿಕಳಿಗಳೆಲ್ಲ ಅಂಬವ್ವನ ಪಾಲಿಗೇ ಉಳಿದವು. ಸೊಟ್ಟಗಾದ ಚೀಟಿಗಳನ್ನು ಸೂಪರ್‌ವೈಸರ್ ಹಿತೇಶ್ ಹಿಂದಕ್ಕೆ ತಂದಿಡುತ್ತಿದ್ದ. ಅವಳಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ನಾಲ್ಕು ಗಂಟೆಗೆ ಚಹಾ ಬಂದರೂ ಯಾರೂ ಗಾದೆ ಕೇಳದಿದ್ದದ್ದು, ಪಕ್ಕದ ಜಾಗದಿಂದ ಬಳೆಯ ಸದ್ದು ಬಾರದಿದ್ದದ್ದು ತಟ್ಟಿತು. ಮನೆಯಲ್ಲಿ ಮೊಮ್ಮಗಳು ಸೌಮ್ಯಾಳ ಮುಂದೆ ಬಾಯಿಬಿಟ್ಟಳು.

"ಆಯಿ, ನೀ ಅವರಿಗೆ ಬೈಲ್ ಅಂದಿ? ಡೈರೆಕ್ಟ್?" ಕಾಲೇಜು ಹುಡುಗಿ ಮೊಬೈಲು ಕೆಳಗಿಟ್ಟಳು.

"ಅಂದೆ. ಎತ್ತಿಗೆ ಎತ್ತು ಅನ್ನದ ಏನನ್ಲಿ? ಬಸವಣ್ಣ ಅಲ್ಲೇನ ಅದು?"

"ಇಲ್ಲಿ ನಹೀ ನಾ, ಆಯಿ. ಇಲ್ಲಿ ಅದು ಗಾಲಿ. ಬೈಗುಳ. ಸಾರಿ ಅನ್ನು."

"ಹೊಗಳಿದ್ದಕ್ಕ ಸಾರಿ ಅನ್ನೂದು ಹ್ಯಾಂಗ?"

ಆದರೂ ಮರುದಿನ ಮೆಟ್ಟಿಲ ಮೇಲೆ ಅವಳು ಜ್ಯೋತ್ಸ್ನಾಳನ್ನು ತಡೆದು ನಿಲ್ಲಿಸಿದಳು. "ಬೆನ್, ನಮ್ಮ ಕಡೆ ಎತ್ತು ಅಂದ್ರ ದೇವರು. ನಾ ಬೈದಿಲ್ಲ."

ಜ್ಯೋತ್ಸ್ನಾ ಚಪ್ಪಲಿಯ ಕಡೆ ನೋಡುತ್ತ ಹೇಳಿದಳು: "ದೇವರ ಹೆಸರು ತೆಗೆದರೆ ಯಾರಾದರೂ ನಗುತ್ತಾರಾ, ಅಂಬಾಬೆನ್? ಹತ್ತು ಜನ ನಕ್ಕರು. ನೀವೂ ನಗ್ತಾ ಕೂತಿದ್ರಿ."

ಅಂಬವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಎತ್ತಿನ ಮೈ ಸವರದವರಿಗೆ, ಅದರ ಕಾಲಿಗೆ ಹಣೆ ಹಚ್ಚಿದವರನ್ನು ಕಾಣದವರಿಗೆ ಈ ಮಾತನ್ನು ಹೇಗೆ ಬಿಡಿಸಿ ಹೇಳುವುದು? ಬಾಯಲ್ಲಿ ಹೇಳಿದ್ದರಿಂದಲೇ ಇಷ್ಟಾಗಿದೆ.

ಎರಡು ವಾರ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮುಂಗಾರಿನ ಹೊತ್ತಿನಲ್ಲಿ ಮಣ್ಣಿನಿಂದ ಜೋಡೆತ್ತು ಮಾಡಿ ಪೂಜಿಸುವ ಆ ಹಬ್ಬವನ್ನು ಅವಳು ತನ್ನ ಮನೆಯ ಖೋಲಿಯೊಳಗೇ ಮಾಡಿ ಮುಗಿಸುತ್ತಿದ್ದಳು. ಈ ಸಲ ಗಣಪತಿ ಮೂರ್ತಿ ಮಾಡುವವರ ಶೆಡ್ಡಿಗೆ ಹೋಗಿ, ಎಂದಿಗಿಂತ ಹೆಚ್ಚು ಮಣ್ಣು ಕೇಳಿ ತಂದಳು. ಮನೆಗೊಂದು ಜೋಡಿ, ಇನ್ನೊಂದು ಜೋಡಿ ಸ್ಟೀಲಿನ ಡಬ್ಬಿಯಲ್ಲಿ.

ಚಹಾದ ಹೊತ್ತಿಗೆ ಆ ಜೋಡಿ ಮೇಜಿನ ಮೇಲೆ ನಿಂತಿತು.

"ಮೌಸಿ, ಮಣ್ಣು ಮಾಲಿಗೆ ತಾಗಬಾರದು," ಎಂದ ಹಿತೇಶ್.

"ತಾಗಂಗಿಲ್ಲಪಾ. ನೀ ಕಡಬು ತಿನ್ನು."

ಅವಳು ಎತ್ತುಗಳಿಗೆ ಅರಿಶಿನ ಕುಂಕುಮ ಹಚ್ಚಿದಳು, ಕಡಬಿನ ಎಡೆ ಇಟ್ಟಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಬೆರಳುದ್ದದ ಆ ಮಣ್ಣಿನ ಕಾಲುಗಳಿಗೆ ಹಣೆ ಮುಟ್ಟಿಸಿದಳು. ಯಾರೂ ನಗಲಿಲ್ಲ. ಶೀತಲ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಿಟಕಿಯ ಬಳಿಯ ಚಿಮಟ ನಿಂತಿತು.

ಅಂಬವ್ವ ಆ ಕಡೆ ನೋಡದೆಯೇ ಹೇಳತೊಡಗಿದಳು. "ನಮ್ಮಪ್ಪ ಎರಡು ವರ್ಷ ಹಾಸಿಗಿ ಹಿಡಿದಿದ್ದ. ನಮ್ಮವ್ವ ಮನಿ, ಹೊಲ, ಆರು ಮಕ್ಕಳನ್ನ ಒಬ್ಬಾಕಿನ ಎಳದಳು. ಒಂದಿನ ಓಣಿಯ ಹಿರ್ಯಾರು ಬಂದು, ಕಟ್ಟಿ ಮುಂದ ನಿಂತು, ಅವ್ವಗ ಈ ಎತ್ತಿನ ಮಾತ ಅಂದರು. ನಾ ಹತ್ತ ವರ್ಷದಾಕಿ. ಅವ್ವ ಅವತ್ತ ಒಲಿ ಮುಂದ ಕೂತು ಅತ್ತಳು, ಸಂತೋಷಕ್ಕ. ಅದಾದ ಮ್ಯಾಲ ಈ ಮಾತು ನಾ ಯಾರಿಗೂ ಅಂದಿದ್ದಿಲ್ಲ. ಅನ್ನೂವಂಥಾಕಿ ಸಿಕ್ಕಿದ್ದಿಲ್ಲ."

ಜ್ಯೋತ್ಸ್ನಾ ಎದ್ದು ಬಂದಳು. ಒಂದು ಎತ್ತನ್ನು ಅಂಗೈಯಲ್ಲಿ ಎತ್ತಿ ತಿರುಗಿಸಿ ನೋಡಿದಳು.

"ಇದರ ಕೋಡು ಸೊಟ್ಟ."

"ಕಣ್ಣು ಕಾಣಂಗಿಲ್ಲವಾ ನನಗ. ನಿನಗ ಗೊತ್ತದ."

"ಗೊತ್ತಿದೆ." ಜ್ಯೋತ್ಸ್ನಾ ಅದನ್ನು ಜೋಡಿ ಎತ್ತಿನ ಪಕ್ಕದಲ್ಲಿಟ್ಟು, ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು. "ಇವನ್ನು ಇವತ್ತು ನನಗೆ ಕೊಡಿ. ಮನೆಗೆ ಒಯ್ಯುತ್ತೇನೆ. ನಿಮ್ಮ ಮಾತನ್ನು ನಮ್ಮ ಯಜಮಾನರಿಗೆ ಹೇಳಿಬಿಟ್ಟಿದ್ದೆ. ಹದಿನೈದು ದಿನದಿಂದ ಅವರೂ ಮುನಿಸಿಕೊಂಡು ಕೂತಿದ್ದಾರೆ. ಅವರೂ ನೋಡಲಿ."

"ಒಯ್ಯಿ. ಜೋಡಿ ಅಗಲಿಸಬ್ಯಾಡ. ನೀರು ಸೋಕಿಸಬ್ಯಾಡ."

ಸಂಜೆ ಸ್ಟೇಷನ್ನಿನ ದಾರಿಯಲ್ಲಿ ಮಳೆ ಅಡ್ಡಡ್ಡ ಬೀಸುತ್ತಿತ್ತು. ಇದ್ದ ಛತ್ರಿ ಒಂದೇ. ಡಬ್ಬಿ ಎದೆಗೊತ್ತಿಕೊಂಡ ಜ್ಯೋತ್ಸ್ನಾ ಮುಂದೆ, ಅಂಬವ್ವ ಹಿಂದೆ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಅಂಬವ್ವ ಕೈ ಚಾಚಿ ಹಿಡಿದಿದ್ದ ಛತ್ರಿಯಷ್ಟೂ ಡಬ್ಬಿಯ ಮೇಲೆಯೇ ಇತ್ತು.